ಫ್ರೀಸೆಲ್: ಐವತ್ತೆರಡು ಎಲೆ, ನಾಲ್ಕು ಖಾಲಿ ಮನೆ

ಫ್ರೀಸೆಲ್ ಆಟದ ಪರದೆ ತೆರೆದ ಕೂಡಲೇ ಐವತ್ತೆರಡು ಎಲೆಗಳೂ ಮುಖ ಮೇಲಾಗಿ ಕಾಣುತ್ತವೆ. ಒಂದೂ ಕವುಚಿರುವುದಿಲ್ಲ. ಪಕ್ಕದಲ್ಲಿ ಒಂದೊಂದಾಗಿ ತೆಗೆಯಲು ಕಟ್ಟೂ ಇರುವುದಿಲ್ಲ. ಮುಂದಿನ ಎಲೆ ಯಾವುದು ಬರಬಹುದು ಎಂಬ ಕಾತರಕ್ಕೆ ಇಲ್ಲಿ ಜಾಗವೇ ಇಲ್ಲ, ಬರಬೇಕಾದುದೆಲ್ಲ ಬಂದು ಕೂತಿದೆ. ಸೋತರೆ ಅದೃಷ್ಟವನ್ನು ಬೈಯುವಂತಿಲ್ಲ.

ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟಾಟ ಎಂದಾಗ ಹೆಚ್ಚಿನವರಿಗೆ ನೆನಪಾಗುವುದು ಇದಲ್ಲ, ಇದರ ಅಣ್ಣ. 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ಸಾಲಿಟೇರ್ ಅದು. ಆಗ ಮೈಕ್ರೋಸಾಫ್ಟ್‌ನಲ್ಲಿ ತರಬೇತಿಗೆ ಬಂದಿದ್ದ ವೆಸ್ ಚೆರ್ರಿ ಅದನ್ನು ಬರೆದ. ಎಲೆಗಳ ಚಿತ್ರಗಳನ್ನು ಸೂಸನ್ ಕೇರ್ ರಚಿಸಿದರು. ಮೌಸ್ ಎಂಬ ಹೊಸ ಸಾಧನದಿಂದ ಏನನ್ನಾದರೂ ಹಿಡಿದು, ಎಳೆದು, ಬಿಡುವುದು ಜನರ ಕೈಗೆ ರೂಢಿಯಾದದ್ದು ಆ ಆಟದಿಂದ ಎಂದು ಹೇಳುವುದುಂಟು. ಕ್ಲಾಂಡೈಕ್ ಎಂಬುದು ಆ ಆಟದ ನಿಜವಾದ ಹೆಸರು. ಅದರಲ್ಲಿ ಏಳು ಸಾಲುಗಳಲ್ಲಿ ಇಪ್ಪತ್ತೊಂದು ಎಲೆಗಳು ಕವುಚಿಕೊಂಡೇ ಇರುತ್ತವೆ, ಇನ್ನೂ ಇಪ್ಪತ್ತನಾಲ್ಕು ಕಟ್ಟಿನಲ್ಲಿ ಅಡಗಿರುತ್ತವೆ. ಹಾಗಾಗಿ ಎಷ್ಟು ಜಾಣತನದಿಂದ ಆಡಿದರೂ ಕೆಲವೊಮ್ಮೆ ಒಂದು ಕಡೆ ಊಹೆಯ ಮೇಲೆಯೇ ಹೆಜ್ಜೆ ಇಡಬೇಕಾಗುತ್ತದೆ. ಹೊತ್ತು ಕಳೆಯಲು ಒಳ್ಳೆಯ ಆಟ, ಅನುಮಾನವಿಲ್ಲ. ಆದರೆ ಕಲಿಯಲು ಏನಾದರೂ ಇರುವ ಆಟ ಬೇಕೆಂದರೆ ನನ್ನ ಮತ ಫ್ರೀಸೆಲ್‌ಗೆ.

ನಿಯಮಗಳು ಕಡಿಮೆ. ಎಲೆಗಳನ್ನು ಎಂಟು ಸಾಲುಗಳಲ್ಲಿ ಹಂಚಿರುತ್ತಾರೆ. ಎಡಗಡೆಯ ನಾಲ್ಕು ಸಾಲುಗಳಲ್ಲಿ ಏಳೇಳು ಎಲೆ, ಬಲಗಡೆಯ ನಾಲ್ಕರಲ್ಲಿ ಆರಾರು. ಪ್ರತಿ ಸಾಲೂ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪರದೆಯಲ್ಲಿ ಎಲ್ಲಕ್ಕಿಂತ ಕೆಳಗೆ ಪೂರ್ತಿಯಾಗಿ ಕಾಣುವ ಎಲೆಯನ್ನು ಮಾತ್ರ ಮುಟ್ಟಬಹುದು. ಅದನ್ನು ತುದಿಯ ಎಲೆ ಎನ್ನೋಣ. ಎಲ್ಲಕ್ಕಿಂತ ಮೇಲೆ ಕಾಣುವುದು ನಿಜವಾಗಿ ಬುಡದಲ್ಲಿ ಸಿಕ್ಕಿಕೊಂಡ ಎಲೆ. ಇದು ಮೊದಮೊದಲು ತಲೆಕೆಳಗಾದಂತೆ ಅನಿಸುತ್ತದೆ, ಸ್ವಲ್ಪ ಆಡಿದ ಮೇಲೆ ಗಮನಕ್ಕೂ ಬರುವುದಿಲ್ಲ.

ಪರದೆಯ ಮೇಲ್ಭಾಗದಲ್ಲಿ ಎಂಟು ಖಾಲಿ ಚೌಕಗಳಿವೆ. ಎಡಗಡೆಯ ನಾಲ್ಕು ಬಿಡಿಮನೆಗಳು. ಒಂದೊಂದರಲ್ಲಿ ಒಂದು ಎಲೆಯನ್ನು, ಅದು ಯಾವುದೇ ಆಗಿರಲಿ, ತಾತ್ಕಾಲಿಕವಾಗಿ ಇಡಬಹುದು. ಬಲಗಡೆಯ ನಾಲ್ಕು ಕೊನೆಯ ಮನೆಗಳು: ಇಸ್ಪೀಟು, ಆಟೀನ್, ಡೈಮನ್, ಕಳಾವರ್ ಒಂದೊಂದಕ್ಕೂ ಒಂದು. ಚೌಕಾಬಾರದಲ್ಲಿ ಕಾಯಿ ಹಣ್ಣಾಗುವ ಹಾಗೆ ಇಲ್ಲಿ ಎಲೆಗಳು ಹಣ್ಣಾಗಬೇಕು. ಮೊದಲು ಎಕ್ಕ, ಅದರ ಮೇಲೆ ಅದೇ ಗುರುತಿನ 2, ಆಮೇಲೆ 3, ಹೀಗೆ ಗುಲಾಮ, ರಾಣಿ, ರಾಜನವರೆಗೆ. ಐವತ್ತೆರಡೂ ಹಣ್ಣಾದರೆ ಗೆಲುವು.

ಸಾಲುಗಳೊಳಗೆ ಎಲೆಗಳನ್ನು ಸರಿಸುವ ಕ್ರಮ ಬೇರೆ. ಅಲ್ಲಿ ಇಳಿಕೆಯ ಲೆಕ್ಕ, ಅದೂ ಬಣ್ಣ ಬದಲಿಸಿ. ಕಪ್ಪು 9ರ ಮೇಲೆ ಕೆಂಪು 8, ಕೆಂಪು 8ರ ಮೇಲೆ ಕಪ್ಪು 7. ಇಸ್ಪೀಟು, ಕಳಾವರ್ ಕಪ್ಪು, ಆಟೀನ್, ಡೈಮನ್ ಕೆಂಪು. ಒಂದು ಸಾಲು ಪೂರ್ತಿ ಖಾಲಿಯಾದರೆ ಅಲ್ಲಿ ಯಾವ ಎಲೆಯನ್ನಾದರೂ ಇಡಬಹುದು. ಕ್ಲಾಂಡೈಕ್‌ನಲ್ಲಿ ಖಾಲಿ ಸಾಲಿಗೆ ರಾಜ ಮಾತ್ರ ಹೋಗಬೇಕು. ಅದನ್ನು ಆಡಿ ಬಂದವರು ಇಲ್ಲೂ ಅಭ್ಯಾಸಬಲದಿಂದ ರಾಜನನ್ನೇ ತಂದಿಡುತ್ತಾರೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ, ಅದೊಂದು ದುಬಾರಿ ಅಭ್ಯಾಸ.

ನಿಯಮ ಇಷ್ಟೇ. ಈ ಆಟವನ್ನು 1978ರಲ್ಲಿ ಪಾಲ್ ಆಲ್ಫಿಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ ಬರೆದ. ಅದಕ್ಕೂ ಹಿಂದೆ ಬೇಕರ್ಸ್ ಗೇಮ್ ಎಂಬ ಆಟವಿತ್ತು. ಮಾರ್ಟಿನ್ ಗಾರ್ಡ್ನರ್ 1968ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಅದನ್ನು ವಿವರಿಸಿದ್ದರು. ಅದರಲ್ಲಿ ಸಾಲುಗಳಲ್ಲೂ ಒಂದೇ ಗುರುತಿನ ಎಲೆಗಳನ್ನೇ ಇಳಿಕೆಯಲ್ಲಿ ಜೋಡಿಸಬೇಕು: ಇಸ್ಪೀಟು 9ರ ಮೇಲೆ ಇಸ್ಪೀಟು 8 ಮಾತ್ರ. ಆಲ್ಫಿಲ್ ಅದನ್ನು ಬಣ್ಣ ಬದಲಿಸುವ ಕ್ರಮಕ್ಕೆ ತಿರುಗಿಸಿದ. ಆಟದ ಸ್ವಭಾವವೇ ಬದಲಾಯಿತು. ಮುಂಚೆ ಪ್ರತಿ ಎಲೆಗೂ ಕೂರಲು ಒಂದೇ ಒಂದು ಜಾಗವಿತ್ತು, ಈಗ ಎರಡಾದವು. ಹೆಚ್ಚುಕಡಿಮೆ ಎಲ್ಲ ಹಂಚಿಕೆಗಳನ್ನೂ ಬಿಡಿಸಲು ಸಾಧ್ಯವಾದದ್ದು ಆ ಒಂದು ಬದಲಾವಣೆಯಿಂದ.

ಪ್ಲೇಟೋದಲ್ಲಿ ಇದನ್ನು ಆಡಿ ಮೆಚ್ಚಿದ್ದ ಜಿಮ್ ಹಾರ್ನ್ ಮುಂದೆ ಮೈಕ್ರೋಸಾಫ್ಟ್ ಸೇರಿ ವಿಂಡೋಸ್‌ಗೆ ತಂದ. ವಿಂಡೋಸ್ 95 ಜೊತೆಗೆ ಅದು ಜಗತ್ತಿನ ಮನೆ, ಕಚೇರಿಗಳ ಕಂಪ್ಯೂಟರುಗಳಿಗೆಲ್ಲ ಹರಡಿತು. ಹಾರ್ನ್ ಮಾಡಿದ ಒಂದು ಸಣ್ಣ ಉಪಕಾರವನ್ನು ಮರೆಯಬಾರದು. ಪ್ರತಿ ಹಂಚಿಕೆಗೂ ಒಂದು ಸಂಖ್ಯೆ ಕೊಟ್ಟ. 1ರಿಂದ 32,000ದವರೆಗೆ. 617 ಎಂದು ಒತ್ತಿದರೆ ಬೆಂಗಳೂರಿನ ಕಂಪ್ಯೂಟರಿನಲ್ಲೂ ಬಾಸ್ಟನ್ನಿನ ಕಂಪ್ಯೂಟರಿನಲ್ಲೂ ಅದೇ ಐವತ್ತೆರಡು ಎಲೆಗಳು ಅದೇ ಜಾಗದಲ್ಲಿ ಬಂದು ಕೂರುತ್ತವೆ. ಹೀಗಾಗಿ ಒಬ್ಬರೇ ಆಡುವ ಆಟದ ಬಗ್ಗೆ ಇಬ್ಬರು ಮಾತನಾಡಲು ಸಾಧ್ಯವಾಯಿತು. ನಾನು ಈಗ ಮಾಡಲು ಹೊರಟಿರುವುದೂ ಅದನ್ನೇ.

ಒಂದನೇ ಸಂಖ್ಯೆಯ ಹಂಚಿಕೆಯನ್ನು ತೆರೆಯಿರಿ. ಹಳೆಯ ವಿಂಡೋಸ್ ಆಟದಲ್ಲಿ ಎಫ್3 ಒತ್ತಿದರೆ ಸಂಖ್ಯೆ ಕೇಳುತ್ತದೆ. ಅದೇ ಸಂಖ್ಯಾಕ್ರಮವನ್ನು ಪಾಲಿಸುವ ಬೇರೆ ತಂತ್ರಾಂಶಗಳೂ ಇವೆ. ಕಂಪ್ಯೂಟರ್ ಹತ್ತಿರ ಇಲ್ಲದಿದ್ದರೆ ನಿಜವಾದ ಎಲೆಗಳನ್ನೇ ಹೀಗೆ ಹರಡಿಕೊಳ್ಳಬಹುದು. ಎಡದಿಂದ ಬಲಕ್ಕೆ ಸಾಲುಗಳು, ಪ್ರತಿ ಸಾಲಿನಲ್ಲೂ ಬುಡದಿಂದ ತುದಿಗೆ:

1ನೇ ಸಾಲು: ಡೈಮನ್ ಗುಲಾಮ, ಡೈಮನ್ ರಾಜ, ಇಸ್ಪೀಟು 2, ಕಳಾವರ್ 4, ಇಸ್ಪೀಟು 3, ಡೈಮನ್ 6, ಇಸ್ಪೀಟು 6.
2ನೇ ಸಾಲು: ಡೈಮನ್ 2, ಕಳಾವರ್ ರಾಜ, ಇಸ್ಪೀಟು ರಾಜ, ಕಳಾವರ್ 5, ಡೈಮನ್ 10, ಇಸ್ಪೀಟು 8, ಕಳಾವರ್ 9.
3ನೇ ಸಾಲು: ಆಟೀನ್ 9, ಇಸ್ಪೀಟು 9, ಡೈಮನ್ 9, ಇಸ್ಪೀಟು 10, ಇಸ್ಪೀಟು 4, ಡೈಮನ್ 8, ಆಟೀನ್ 2.
4ನೇ ಸಾಲು: ಕಳಾವರ್ ಗುಲಾಮ, ಇಸ್ಪೀಟು 5, ಡೈಮನ್ ರಾಣಿ, ಆಟೀನ್ ರಾಣಿ, ಆಟೀನ್ 10, ಇಸ್ಪೀಟು ರಾಣಿ, ಆಟೀನ್ 6.
5ನೇ ಸಾಲು: ಡೈಮನ್ 5, ಡೈಮನ್ ಎಕ್ಕ, ಇಸ್ಪೀಟು ಗುಲಾಮ, ಆಟೀನ್ 4, ಆಟೀನ್ 8, ಕಳಾವರ್ 6.
6ನೇ ಸಾಲು: ಆಟೀನ್ 7, ಕಳಾವರ್ ರಾಣಿ, ಇಸ್ಪೀಟು ಎಕ್ಕ, ಕಳಾವರ್ ಎಕ್ಕ, ಕಳಾವರ್ 2, ಡೈಮನ್ 3.
7ನೇ ಸಾಲು: ಕಳಾವರ್ 7, ಆಟೀನ್ ರಾಜ, ಆಟೀನ್ ಎಕ್ಕ, ಡೈಮನ್ 4, ಆಟೀನ್ ಗುಲಾಮ, ಕಳಾವರ್ 8.
8ನೇ ಸಾಲು: ಆಟೀನ್ 5, ಆಟೀನ್ 3, ಕಳಾವರ್ 3, ಇಸ್ಪೀಟು 7, ಡೈಮನ್ 7, ಕಳಾವರ್ 10.

ಈಗ ಮೌಸ್ ಮುಟ್ಟಬೇಡಿ. ಹೊಸಬರು ಎಡವುವುದು ಇಲ್ಲೇ. ತುದಿಯಲ್ಲಿ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಹುಡುಕಿ, ಹೊಂದಿದ್ದನ್ನು ತಕ್ಷಣ ಸರಿಸಿಬಿಡುತ್ತಾರೆ. ಹಾಗೆ ಸರಿಸಿದ ಎಲೆ ಇನ್ನೊಂದು ಸಾಲಿನ ಎಕ್ಕವನ್ನು ಮತ್ತಷ್ಟು ಆಳಕ್ಕೆ ಹೂತಿರುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಎಕ್ಕಗಳು ಎಲ್ಲಿವೆ, ಅವುಗಳ ಹಿಂದೆಯೇ ಹೋಗಬೇಕಾದ 2, 3ಗಳು ಎಲ್ಲಿವೆ ಎಂಬುದು.

ಇಲ್ಲಿ ನೋಡಿ. ಇಸ್ಪೀಟು, ಕಳಾವರ್ ಎಕ್ಕಗಳೆರಡೂ 6ನೇ ಸಾಲಿನಲ್ಲಿ ಅಕ್ಕಪಕ್ಕದಲ್ಲಿವೆ, ಮೇಲೆ ಎರಡೇ ಎಲೆಗಳ ಹೊರೆ. ಆಟೀನ್ ಎಕ್ಕ 7ನೇ ಸಾಲಿನಲ್ಲಿ ಮೂರು ಎಲೆಗಳ ಕೆಳಗಿದೆ. ಡೈಮನ್ ಎಕ್ಕ 5ನೇ ಸಾಲಿನ ಬುಡದ ಬಳಿ. ಇದಕ್ಕಿಂತ ಮುಖ್ಯವಾದ ಸಂಗತಿ 2ನೇ ಸಾಲಿನಲ್ಲಿದೆ: ಡೈಮನ್ 2 ಬುಡಕ್ಕೇ ಅಂಟಿಕೊಂಡಿದೆ, ಅದರ ಮೇಲೆ ಎರಡೆರಡು ರಾಜರು. ಅಂದರೆ ಡೈಮನ್ ಎಕ್ಕ ಸಿಕ್ಕರೂ ಡೈಮನ್ ಸಾಲು ಹಣ್ಣಾಗುವುದು ಆಟದ ಕೊನೆಗೇ. ಡೈಮನ್ 3, ಡೈಮನ್ 4 ನಮ್ಮ ಕೈಗೆ ಬೇಗ ಬರುತ್ತವೆ, ಆದರೆ ಬಹಳ ಹೊತ್ತು ಎಲ್ಲಾದರೂ ಕೂರಿಸಿಕೊಂಡಿರಬೇಕು. ಒಂದು ಎಲೆಯನ್ನೂ ಸರಿಸದೆ ಈ ಆಟದ ಅರ್ಧ ಕತೆ ತಿಳಿದುಹೋಯಿತು.

ಶುರು ಮಾಡೋಣ. ಡೈಮನ್ 3 ಒಂದು ಬಿಡಿಮನೆಗೆ, ಕಳಾವರ್ 2 ಇನ್ನೊಂದಕ್ಕೆ. ಕಳಾವರ್ ಎಕ್ಕ ಹಣ್ಣಾಯಿತು, ಅದರ ಹಿಂದೆಯೇ ಬಿಡಿಮನೆಯಲ್ಲಿದ್ದ ಕಳಾವರ್ 2 ಕೂಡ. ಇಸ್ಪೀಟು ಎಕ್ಕವೂ ಹೋಯಿತು. ಉಳಿದ ಖರ್ಚು ಒಂದೇ ಬಿಡಿಮನೆ. 6ನೇ ಸಾಲಿನ ತುದಿಯಲ್ಲೀಗ ಕಳಾವರ್ ರಾಣಿ.

ಕಳಾವರ್ 8 ಬಿಡಿಮನೆಗೆ. ಅದರ ಕೆಳಗಿದ್ದ ಆಟೀನ್ ಗುಲಾಮ ಕಳಾವರ್ ರಾಣಿಯ ಮೇಲೆ, ಗುಲಾಮನ ಮೇಲೆ 8ನೇ ಸಾಲಿನ ಕಳಾವರ್ 10. ಡೈಮನ್ 4ನ್ನು ಬಿಡಿಮನೆಗೆ ಇಟ್ಟರೆ ಆಟೀನ್ ಎಕ್ಕ ಹೊರಬರುತ್ತದೆ, 3ನೇ ಸಾಲಿನ ತುದಿಯಲ್ಲಿ ಕಾಯುತ್ತಿದ್ದ ಆಟೀನ್ 2 ಅದರ ಹಿಂದೆ ಹೋಗುತ್ತದೆ. ಮೂರು ಬಿಡಿಮನೆ ತುಂಬಿದವು. ಇನ್ನು ಒಂದೇ ಖಾಲಿ. ಇಂಥ ಹೊತ್ತಿನಲ್ಲಿ ಎದೆ ಸ್ವಲ್ಪ ಹೊಡೆದುಕೊಳ್ಳಬೇಕು, ಅದು ಆರೋಗ್ಯದ ಲಕ್ಷಣ.

ಆದರೆ ಆಟೀನ್ 2 ಸರಿದ ಮೇಲೆ 3ನೇ ಸಾಲಿನ ತುದಿಗೆ ಡೈಮನ್ 8 ಬಂದಿದೆ. 2ನೇ ಸಾಲಿನ ಕಳಾವರ್ 9ರ ಮೇಲೆ ಅದು ಕೂರುತ್ತದೆ. ಕೂತರೆ ಇಸ್ಪೀಟು 4 ಕಾಣುತ್ತದೆ. ಅದರ ಮೇಲೆ ಬಿಡಿಮನೆಯ ಡೈಮನ್ 3 ಇಳಿಯಬಹುದು. ಒಂದು ಬಿಡಿಮನೆ ವಾಪಸ್ಸು ಸಿಕ್ಕಿತು. ಈ ಆಟದಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಇದೇ ಎನ್ನುವುದು ನನ್ನ ವಾದ: ಬಿಡಿಮನೆಗೆ ಎಲೆ ಇಡುವಾಗ ಅದು ಒಳಹೋಗುವ ದಾರಿಯನ್ನಲ್ಲ, ಹೊರಬರುವ ದಾರಿಯನ್ನು ನೋಡಿ ಇಡಬೇಕು. ಡೈಮನ್ 3ನ್ನು ಮೊದಲ ನಡೆಯಲ್ಲೇ ಧೈರ್ಯವಾಗಿ ಎತ್ತಿಟ್ಟದ್ದು ಇಸ್ಪೀಟು 4 ಎರಡೇ ಎಲೆಗಳ ಕೆಳಗಿದೆ, ಆ ಎರಡಕ್ಕೂ ಹೋಗಲು ಜಾಗವಿದೆ ಎಂದು ಗೊತ್ತಿದ್ದರಿಂದ. ಗೊತ್ತಿಲ್ಲದೆ ಇಟ್ಟಿದ್ದರೂ ನಡೆ ಅದೇ ಆಗುತ್ತಿತ್ತು, ನಿಜ. ಮುಂದಿನ ಆಟದಲ್ಲಿ ಮಾತ್ರ ಕೈಕೊಡುತ್ತಿತ್ತು.

ಮುಂದೆ, 1ನೇ ಸಾಲಿನ ಇಸ್ಪೀಟು 6 ಹೋಗಿ 8ನೇ ಸಾಲಿನ ಡೈಮನ್ 7ರ ಮೇಲೆ ಕೂರಲಿ. 7ನೇ ಸಾಲಿನಲ್ಲಿ ಉಳಿದಿರುವುದು ಕಳಾವರ್ 7, ಅದರ ಮೇಲೆ ಆಟೀನ್ ರಾಜ, ಅಷ್ಟೆ. ರಾಜನನ್ನು ಬಿಡಿಮನೆಗೆ ಎತ್ತಿ, ಕಳಾವರ್ 7ನ್ನು 2ನೇ ಸಾಲಿನ ಡೈಮನ್ 8ರ ಮೇಲೆ ಇಟ್ಟರೆ ಒಂದು ಇಡೀ ಸಾಲು ಖಾಲಿ. ಬಿಡಿಮನೆಗಳಲ್ಲಿ ಕಳಾವರ್ 8, ಡೈಮನ್ 4, ಆಟೀನ್ ರಾಜ.

ಎಲ್ಲರ ಕೈಯೂ ಈಗ ರಾಜನ ಕಡೆಗೆ ಹೋಗುತ್ತದೆ. ಖಾಲಿ ಸಾಲು, ಎದುರಿಗೆ ರಾಜ. ರಾಜನ ಮೇಲೆ ಮುಂದೆ ರಾಣಿ, ಗುಲಾಮ ಎಲ್ಲ ಬಂದು ಕೂರಬಹುದು, ಬಿಡಿಮನೆಯೂ ಉಳಿಯುತ್ತದೆ. ಕಾಣಲು ಅಚ್ಚುಕಟ್ಟು. ಆದರೆ ತಡೆಯಿರಿ, ಲೆಕ್ಕ ಹಾಕಿ ನೋಡೋಣ. ನಮಗೆ ಸದ್ಯಕ್ಕೆ ಬೇಕಾದದ್ದು 1ನೇ ಸಾಲಿನ ಇಸ್ಪೀಟು 2. ಅದರ ಮೇಲೆ ಕಳಾವರ್ 4, ಇಸ್ಪೀಟು 3, ಡೈಮನ್ 6 ಇವೆ. ಡೈಮನ್ 6 ಈಗ ತಾನೇ ಸಿಕ್ಕ ಕಳಾವರ್ 7ರ ಮೇಲೆ ಹೋಗುತ್ತದೆ. ಇಸ್ಪೀಟು 3 ಬಿಡಿಮನೆಯಲ್ಲಿ ಕ್ಷಣಕಾಲ ಇದ್ದು 2ರ ಹಿಂದೆಯೇ ಹಣ್ಣಾಗುತ್ತದೆ. ಕಳಾವರ್ 4 ಎಲ್ಲಿಗೆ? ರಾಜನನ್ನು ಖಾಲಿ ಸಾಲಿಗೆ ಇಳಿಸಿದ್ದರೆ ಅದು ಬಿಡಿಮನೆಗೆ ಹೋಗಬೇಕು. ಆಗ ಬಿಡಿಮನೆಗಳಲ್ಲಿ 8, 4, 4 ಕೂತು ಒಂದೇ ಖಾಲಿ ಉಳಿಯುತ್ತದೆ. ಇಸ್ಪೀಟು 4ನ್ನು ಬಿಡಿಸಲು ಅದರ ಮೇಲಿನ ಡೈಮನ್ 3 ಆ ಕೊನೆಯ ಮನೆಯನ್ನು ನುಂಗುತ್ತದೆ. ಅಲ್ಲಿಗೆ ಉಸಿರು ಕಟ್ಟಿತು.

ರಾಜನನ್ನು ಬಿಡಿಮನೆಯಲ್ಲೇ ಬಿಟ್ಟು ಕಳಾವರ್ 4ನ್ನು ಖಾಲಿ ಸಾಲಿಗೆ ಇಳಿಸಿದರೆ? ತುಂಬಿದ ಮನೆಗಳ ಸಂಖ್ಯೆ ಅಷ್ಟೇ, ಮೂರು. ಆದರೆ ಈ 4 ಈಗ ಸಾಲಿನಲ್ಲಿ ಇರುವುದರಿಂದ ಅದರ ಮೇಲೆ ಡೈಮನ್ 3 ಕೂರಬಹುದು. ಬಿಡಿಮನೆಯಲ್ಲಿರುವ ಎಲೆಯ ಮೇಲೆ ಇನ್ನೊಂದು ಎಲೆಯನ್ನು ಇಡಲಾಗದು, ಸಾಲಿನಲ್ಲಿರುವ ಎಲೆಯ ಮೇಲೆ ಇಡಬಹುದು. ವ್ಯತ್ಯಾಸ ಅಷ್ಟೇ, ಆಟ ತಿರುಗಿದ್ದೂ ಅಲ್ಲೇ. ರಾಜನ ಮೇಲೆ ಕೂರಬಲ್ಲ ಎಲೆಗಳೆಂದರೆ ಕಪ್ಪು ರಾಣಿಗಳು. ಒಂದು ಆಟೀನ್ 6ರ ಕೆಳಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಆಗಲೇ ಗುಲಾಮ, ಹತ್ತುಗಳನ್ನು ಹೊತ್ತು ಕೂತಿತ್ತು. ಆ ಕ್ಷಣಕ್ಕೆ ರಾಜನಿಂದ ಯಾರಿಗೂ ಉಪಯೋಗವಿರಲಿಲ್ಲ.

ಈಗ ಹಾದಿ ತೆರೆಯುತ್ತದೆ. ಇಸ್ಪೀಟು 2, 3 ಹಣ್ಣಾದವು. ಡೈಮನ್ 3 ಕಳಾವರ್ 4ರ ಮೇಲೆ ಹೋದ ಮೇಲೆ ಇಸ್ಪೀಟು 4 ಕೂಡ. ಖಾಲಿ ಇರುವ ಒಂದು ಬಿಡಿಮನೆಗೆ 1ನೇ ಸಾಲಿನ ಡೈಮನ್ ರಾಜನನ್ನು ಎತ್ತಿಡಿ. ನಾಲ್ಕೂ ತುಂಬಿದವು, ಹೆದರಬೇಡಿ. 1ನೇ ಸಾಲಿನಲ್ಲಿ ಉಳಿದ ಡೈಮನ್ ಗುಲಾಮನ ಮೇಲೆ 3ನೇ ಸಾಲಿನ ಇಸ್ಪೀಟು 10, ಅದರ ಮೇಲೆ ಡೈಮನ್ 9, ಅದರ ಮೇಲೆ ಆರಂಭದಿಂದ ಬಿಡಿಮನೆಯಲ್ಲಿ ಕೂತಿದ್ದ ಕಳಾವರ್ 8. ಒಂದು ಮನೆ ಬಿಡುವಾಯಿತು. ಅದಕ್ಕೆ ಇಸ್ಪೀಟು 9 ಹೋಗಲಿ, ಆಟೀನ್ 9 ಕಳಾವರ್ 10ರ ಮೇಲೆ ಹೋಗಲಿ. 3ನೇ ಸಾಲು ಪೂರ್ತಿ ಖಾಲಿ. ಈಗ ಆಟೀನ್ ರಾಜನನ್ನು ಅಲ್ಲಿ ಇಳಿಸಿ. ಆಟೀನ್ 6ನ್ನು ಬಿಡಿಮನೆಗೆ ಎತ್ತಿದರೆ ಇಸ್ಪೀಟು ರಾಣಿ ನೇರವಾಗಿ ಅವನ ಮೇಲೆ ಬಂದು ಕೂರುತ್ತಾಳೆ. ರಾಣಿ ಎದ್ದ ಜಾಗದಲ್ಲಿ ಆಟೀನ್ 10 ಕಾಣುತ್ತದೆ, ಅದರ ಮೇಲೆ ಇಸ್ಪೀಟು 9 ಬಿಡಿಮನೆಯಿಂದ ಇಳಿಯುತ್ತದೆ. ಬೇಡವೆಂದದ್ದು ರಾಜನನ್ನಲ್ಲ, ಅವಸರದ ಪಟ್ಟಾಭಿಷೇಕವನ್ನು.

ಉಳಿದದ್ದನ್ನು ನಿಮಗೇ ಬಿಡುತ್ತೇನೆ. ಒಂದು ಸುಳಿವು: 8ನೇ ಸಾಲಿನ ತುದಿಯ ಡೈಮನ್ 7, ಇಸ್ಪೀಟು 6ರ ಜೋಡಿ 1ನೇ ಸಾಲಿನ ಕಳಾವರ್ 8ರ ಮೇಲೆ ಹೊಂದುತ್ತದೆ. ಅದಾದ ಮೇಲೆ ಕಳಾವರ್ 3 ಎಷ್ಟು ಹತ್ತಿರ ಬಂದಿದೆ ನೋಡಿ.

ಜೋಡಿ ಎಂದೆನಲ್ಲ, ಅಲ್ಲೊಂದು ಲೆಕ್ಕವಿದೆ. ನಿಯಮದ ಪ್ರಕಾರ ಒಮ್ಮೆಗೆ ಒಂದೇ ಎಲೆ ಸರಿಯಬೇಕು. ಆದರೂ ಕಂಪ್ಯೂಟರ್ ಮೂರು, ನಾಲ್ಕು ಎಲೆಗಳ ಸರವನ್ನು ಒಂದೇ ಸಲಕ್ಕೆ ಎತ್ತಿಡುತ್ತದೆ. ಕೆಲವೊಮ್ಮೆ ಅದೇ ಉದ್ದದ ಸರವನ್ನು ಎತ್ತಲು ಒಪ್ಪುವುದಿಲ್ಲ. ಹೊಸಬರಿಗೆ ಇದು ಯಂತ್ರದ ಹಟದಂತೆ ತೋರುತ್ತದೆ. ವಾಸ್ತವದಲ್ಲಿ ಅದು ನಿಮ್ಮ ಪರವಾಗಿ ಒಂದೊಂದೇ ಎಲೆಯನ್ನು ಬಿಡಿಮನೆಗಳಿಗೆ ಹಾಕಿ ತೆಗೆಯುವ ಕೆಲಸವನ್ನು ಚುಟುಕಾಗಿ ಮಾಡುತ್ತಿದೆ. ಎರಡು ಬಿಡಿಮನೆ ಖಾಲಿ ಇದ್ದರೆ ಎರಡು ಎಲೆಗಳನ್ನು ಅಲ್ಲಿಟ್ಟು, ಮೂರನೆಯದನ್ನು ಗುರಿಯ ಸಾಲಿಗೆ ಹಾಕಿ, ಆ ಎರಡನ್ನು ಅದರ ಮೇಲೆ ತರಬಹುದು. ಅಂದರೆ ಮೂರು ಎಲೆ. ಖಾಲಿ ಬಿಡಿಮನೆಗಳ ಸಂಖ್ಯೆಗೆ ಒಂದು ಸೇರಿಸಿದಷ್ಟು.

ಖಾಲಿ ಸಾಲೂ ಒಂದಿದ್ದರೆ ಶಕ್ತಿ ಇಮ್ಮಡಿಯಾಗುತ್ತದೆ. ಮೊದಲು ಮೂರು ಎಲೆಗಳ ಸರವನ್ನು ಮೇಲಿನ ಉಪಾಯದಿಂದಲೇ ಖಾಲಿ ಸಾಲಿಗೆ ಸಾಗಿಸಿ. ಬಿಡಿಮನೆಗಳು ಮತ್ತೆ ಖಾಲಿಯಾದವು. ಮುಂದಿನ ಮೂರು ಎಲೆಗಳನ್ನು ಗುರಿಯ ಸಾಲಿಗೆ ಸಾಗಿಸಿ. ಆಮೇಲೆ ಖಾಲಿ ಸಾಲಿಗೆ ಇಟ್ಟಿದ್ದ ಮೂರನ್ನು ಅದರ ಮೇಲೆ ತನ್ನಿ. ಒಟ್ಟು ಆರು. ಎರಡು ಸಾಲು ಖಾಲಿ ಇದ್ದರೆ ಹನ್ನೆರಡು. ಪ್ರತಿ ಖಾಲಿ ಸಾಲಿಗೂ ಎರಡರಿಂದ ಗುಣಿಸುತ್ತ ಹೋಗಿ. ಒಂದು ಎಚ್ಚರಿಕೆ: ಸರವನ್ನು ಸಾಗಿಸುತ್ತಿರುವುದೇ ಖಾಲಿ ಸಾಲಿಗಾದರೆ ಆ ಸಾಲನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಈ ಲೆಕ್ಕ ತಲೆಯಲ್ಲಿ ಕೂತರೆ ಬಿಡಿಮನೆಗಿಂತ ಖಾಲಿ ಸಾಲು ಯಾಕೆ ಹೆಚ್ಚು ಬೆಲೆಯದು ಎನ್ನುವುದೂ ಹೊಳೆಯುತ್ತದೆ. ಮೂರು ಬಿಡಿಮನೆ ಖಾಲಿ ಇದ್ದು ಸಾಲು ಖಾಲಿ ಇಲ್ಲದಿದ್ದರೆ ನಾಲ್ಕು ಎಲೆ ಸಾಗುತ್ತವೆ. ನಾಲ್ಕನೆಯ ಬಿಡಿಮನೆ ಸಿಕ್ಕರೆ ಐದು. ಅದರ ಬದಲು ಒಂದು ಸಾಲು ಖಾಲಿಯಾದರೆ ಎಂಟು. ಆದ್ದರಿಂದ ಆಟದ ಆರಂಭದಲ್ಲಿಯೇ ಯಾವ ಸಾಲನ್ನು ಬರಿದು ಮಾಡುವುದು ಸುಲಭ ಎಂದು ಗುರುತಿಸಿಕೊಳ್ಳಬೇಕು. ಆರು ಎಲೆಗಳ ಸಾಲು, ಎಕ್ಕ, 2 ಮುಂತಾದ ಸಣ್ಣ ಎಲೆಗಳಿರುವ ಸಾಲು ಇದಕ್ಕೆ ಅನುಕೂಲ. ಬುಡದಲ್ಲಿಯೇ ರಾಜ ಕೂತಿರುವ ಸಾಲನ್ನು ಬರಿದು ಮಾಡಲು ಹೋಗಬೇಡಿ, ಅವನು ಇರಬೇಕಾದ ಜಾಗದಲ್ಲಿಯೇ ಇದ್ದಾನೆ.

ಇನ್ನೊಂದು ಸೂಕ್ಷ್ಮ, ಹಣ್ಣು ಮಾಡುವ ಆತುರದ ಕುರಿತು. ಮೇಲೆ ಹೋದ ಎಲೆ ಕೆಳಗೆ ಬಾರದು ಎನ್ನುವುದು ಹಳೆಯ ವಿಂಡೋಸ್ ಆಟದ ಕಟ್ಟಳೆ. ಆಟೀನ್ 6 ಹೋಗಬಹುದಾದರೂ ಕಪ್ಪು 5 ಒಂದು ಎಲ್ಲೋ ಬಿಡಿಮನೆಯಲ್ಲಿ ಕೂತಿದ್ದರೆ, ಅದಕ್ಕೆ ಆಸರೆಯಾಗಿ ಆ 6 ಕೆಳಗೇ ಇರಲಿ. ಎಕ್ಕ, 2ಗಳನ್ನು ಮಾತ್ರ ಹಿಂದೆ ಮುಂದೆ ನೋಡದೆ ಕಳಿಸಬಹುದು. ಎಕ್ಕದ ಮೇಲೆ ಏನೂ ಕೂರುವುದಿಲ್ಲ. 2ರ ಮೇಲೆ ಕೂರಬಹುದಾದದ್ದು ಎಕ್ಕ ಒಂದೇ, ಎಕ್ಕ ಹೇಗೂ ಮೇಲೆ ಹೋಗುತ್ತದೆ.

ಅನ್‌ಡೂ ಗುಂಡಿಯ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ಹಳೆಯ ಆಟದಲ್ಲಿ ಒಂದೇ ನಡೆ ಹಿಂದಕ್ಕೆ ಹೋಗಬಹುದಿತ್ತು, ಈಗಿನವುಗಳಲ್ಲಿ ಮೊದಲ ಎಲೆಯವರೆಗೂ ಹೋಗಬಹುದು. ಕಲಿಯುವವರು ಧಾರಾಳವಾಗಿ ಬಳಸಲಿ. ಹಿಂದೆ ಹೋಗಿ ಬೇರೆ ಕವಲು ಹಿಡಿದು ನೋಡುವುದೇ ಈ ಆಟದ ಪಾಠ. ಸುಳಿವು ಕೊಡುವ ಗುಂಡಿ ಬೇರೆ ಮಾತು. ಅದು ಒತ್ತಿದ ಕೂಡಲೇ ಒಂದು ಎಲೆಯನ್ನು ಮಿನುಗಿಸುತ್ತದೆ. ಯಾಕೆ ಆ ಎಲೆ, ಅದರ ಮುಂದಿನ ನಡೆ ಏನು ಎಂದು ಹೇಳುವುದಿಲ್ಲ. ಗಡಿಯಾರ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ. ಯೋಚಿಸುವ ಆಟಕ್ಕೆ ಓಟದ ಸ್ಪರ್ಧೆಯ ಲಗಾಮು ಹಾಕಿದವರು ಯಾರೋ, ಅವರಿಗೆ ಆಟ ಅರ್ಥವಾಗಿರಲಿಲ್ಲ.

ಹಳೆಯ ವಿಂಡೋಸ್ ಆಟದಲ್ಲಿ ಬಿಡಿಮನೆಗಳಿಗೂ ಕೊನೆಯ ಮನೆಗಳಿಗೂ ನಡುವೆ ಒಬ್ಬ ಪುಟ್ಟ ರಾಜನ ಚಿತ್ರವಿತ್ತು. ಮೌಸ್ ಎತ್ತ ಹೋದರೆ ಅತ್ತ ಮುಖ ತಿರುಗಿಸುತ್ತಿದ್ದ. ನಡೆಸಲು ಇನ್ನೊಂದೇ ನಡೆ ಉಳಿದಿದೆ ಎಂದಾಗ ಕಿಟಕಿಯ ಮೇಲ್ಪಟ್ಟಿ ಮಿನುಗಿ ಎಚ್ಚರಿಸುತ್ತಿತ್ತು. ಎಚ್ಚರಿಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಕೆಲಸ ಕೆಟ್ಟಿರುತ್ತಿತ್ತು ಎನ್ನುವುದು ಬೇರೆ ವಿಷಯ.

ಸಿಕ್ಕಿಹಾಕಿಕೊಂಡಾಗ ಏಳುವ ಪ್ರಶ್ನೆ: ಈ ಹಂಚಿಕೆಯನ್ನು ಬಿಡಿಸಲು ಸಾಧ್ಯವೇ ಇಲ್ಲವೇನೋ? ಇದಕ್ಕೆ ಉತ್ತರ ಹುಡುಕಿದ ಪ್ರಸಂಗ ಸ್ವಾರಸ್ಯಕರವಾದದ್ದು. 1994ರಲ್ಲಿ ಡೇವ್ ರಿಂಗ್ ಎಂಬಾತ ಅಂತರ್ಜಾಲದಲ್ಲಿ ಸ್ವಯಂಸೇವಕರನ್ನು ಕೂಡಿಸಿ, 32,000 ಹಂಚಿಕೆಗಳನ್ನೂ ಪಾಲು ಮಾಡಿ ಕೊಟ್ಟ. ಒಬ್ಬರಿಗೆ ಬಿಡಿಸಲಾಗದ್ದು ಇನ್ನೊಬ್ಬರಿಗೆ ಹೋಗುತ್ತಿತ್ತು. 1995ರ ಹೊತ್ತಿಗೆ ಮನುಷ್ಯರೇ ಕೂತು ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಡಿಸಿದ್ದರು. ಆ ಒಂದರ ಸಂಖ್ಯೆ 11982. ಅದಕ್ಕೆ ದಾರಿಯೇ ಇಲ್ಲವೆಂದು ಆಮೇಲೆ ಕಂಪ್ಯೂಟರ್ ಪ್ರೋಗ್ರಾಮುಗಳು ಎಲ್ಲ ಕವಲುಗಳನ್ನೂ ತಡಕಿ ಖಚಿತಪಡಿಸಿದವು. ಮುಂದೆ ವಿಂಡೋಸ್ ಎಕ್ಸ್‌ಪಿಯಲ್ಲಿ ಹಂಚಿಕೆಗಳನ್ನು ಹತ್ತು ಲಕ್ಷಕ್ಕೆ ಏರಿಸಿದಾಗ ಬಿಡಿಸಲಾಗದವು ಒಟ್ಟು ಎಂಟೇ ಎಂದು ತಿಳಿಯಿತು. 11982 ಬಿಟ್ಟರೆ ಮುಂದಿನದು 146692. ತಮಾಷೆಗೆಂದು -1, -2 ಎಂಬ ಸಂಖ್ಯೆಗಳನ್ನು ಕೊಟ್ಟರೆ ಗೆಲ್ಲಲಾಗದಂತೆ ಬೇಕೆಂದೇ ಜೋಡಿಸಿಟ್ಟ ಎರಡು ಹಂಚಿಕೆಗಳೂ ಹಳೆಯ ಆಟದಲ್ಲಿ ತೆರೆದುಕೊಳ್ಳುತ್ತಿದ್ದವು.

ಹತ್ತು ಲಕ್ಷದಲ್ಲಿ ಎಂಟು. ಆದ್ದರಿಂದ ನಿಮ್ಮ ಎದುರಿಗಿರುವುದು ಬಿಡಿಸಲಾಗದ ಆಟ ಎಂದು ಅನಿಸಿದರೆ ಸಂಖ್ಯೆಯನ್ನು ಒಮ್ಮೆ ನೋಡಿಕೊಳ್ಳಿ. ಆ ಎಂಟರಲ್ಲಿ ಒಂದಲ್ಲದಿದ್ದರೆ ಮೊದಲಿನಿಂದ ಮತ್ತೆ ಶುರು ಮಾಡಿ, ಈ ಸಲ ಬೇರೆ ಎಕ್ಕದಿಂದ. ಒಂದೇ ಹಂಚಿಕೆಯನ್ನು ಗೆಲ್ಲುವವರೆಗೂ ಬಿಡದೆ ಆಡುವುದು ದಿನಕ್ಕೆ ಹತ್ತು ಹೊಸ ಹಂಚಿಕೆಗಳನ್ನು ಅರ್ಧಕ್ಕೆ ಬಿಟ್ಟು ಓಡುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಮೂರನೆಯ ಸಲ ಆಡುವಾಗ ಸಾಲುಗಳು ಬಾಯಿಪಾಠವಾಗಿರುತ್ತವೆ, ಕಣ್ಣು ತಾನಾಗಿಯೇ ಬುಡದ ಎಲೆಗಳ ಕಡೆಗೆ ಹೋಗುತ್ತದೆ.

ನಾಲ್ಕು ಬಿಡಿಮನೆಗಳ ಆಟ ಸಲೀಸಾದ ಮೇಲೆ ಮುಂದಿನ ಮೆಟ್ಟಿಲುಗಳು ಎರಡು. ಒಂದು, ಬಿಡಿಮನೆಗಳನ್ನು ಮೂರಕ್ಕೆ ಇಳಿಸಿಕೊಳ್ಳುವುದು. ಕೆಲವು ತಂತ್ರಾಂಶಗಳಲ್ಲಿ ಈ ಆಯ್ಕೆ ಇದೆ, ಇಲ್ಲದಿದ್ದರೆ ಒಂದು ಮನೆಯನ್ನು ಮುಟ್ಟುವುದಿಲ್ಲ ಎಂದು ನೀವೇ ಪಣ ತೊಡಬಹುದು. ಇನ್ನೊಂದು, ಫ್ರೀಸೆಲ್‌ನ ಹಿರಿಯನಾದ ಬೇಕರ್ಸ್ ಗೇಮ್. ಸಾಲುಗಳಲ್ಲೂ ಒಂದೇ ಗುರುತಿನ ಎಲೆಗಳನ್ನೇ ಜೋಡಿಸಬೇಕಾದ ಆ ಆಟದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಹಂಚಿಕೆಗಳನ್ನು ಮಾತ್ರ ಬಿಡಿಸಲು ಸಾಧ್ಯ. ಅಲ್ಲಿ ಸೋತಾಗ ಮಾತ್ರ ಎಲೆಗಳನ್ನು ಸ್ವಲ್ಪ ಬೈದುಕೊಳ್ಳಬಹುದು.